ಬಿಸಿಲಿನಲ್ಲಿ ನೋಡಬೇಕಾದ ಕೆಂಪು

ಮದುವೆಯಾಗಿ ಐದು ವರ್ಷವಾದರೂ ನಾನು ನನ್ನ ಮಾವನವರ ಜೊತೆ ನೇರವಾಗಿ ಒಂದು ಮಾತು ಆಡಿರಲಿಲ್ಲ. ನಮ್ಮ ನಡುವೆ ಜಗಳವೇನೂ ಇರಲಿಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಆಗ ಸೊಸೆಯಂದಿರು ಮಾವನ ಮುಂದೆ ಬಾಯಿ ತೆರೆಯುತ್ತಿರಲಿಲ್ಲ, ಅಷ್ಟೇ. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅದನ್ನು ಅವರಿಗೆ ದಾಟಿಸಬೇಕು. ಅತ್ತೆ ನೀರಿಗೆ ಹೋಗಿದ್ದರೆ ಗೋಡೆಗೆ ಹೇಳಬೇಕು. ನಾನು ಒಲೆಯ ಕಡೆ ಮುಖ ಮಾಡಿ, "ರೊಟ್ಟಿ ಆರಾಕತ್ತಾವ" ಅನ್ನುತ್ತಿದ್ದೆ. ಅವರು ಮಗ್ಗದ ಕಡೆ ಮುಖ ಮಾಡಿ, "ಇದೊಂದು ಲಡಿ ನೂಲು ಮುಗೀಲಿ" ಅನ್ನುತ್ತಿದ್ದರು. ಹೀಗೆ ಒಲೆಯೂ ಮಗ್ಗವೂ ಐದು ವರ್ಷ ಸುಖವಾಗಿ ಸಂಸಾರ ಮಾಡಿಕೊಂಡಿದ್ದವು.

ನಾನಾದರೋ ಸವಡಿಯ ಮಾಸ್ತರರ ಮಗಳು. ನಮ್ಮಪ್ಪ ಮಗ್ಗ ಬಿಟ್ಟು ಸಾಲಿ ಕಲಿಸಲು ಹೋದವರು. ನಮ್ಮ ಮನೆಯಲ್ಲಿ ಊಟ ಕಮ್ಮಿಯಾದರೂ ಮಾತು ಕಮ್ಮಿಯಾಗುತ್ತಿರಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಾಗ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಂಥ ಬಾಯಿಬಡಕಿ ಐದು ವರ್ಷ ಹೇಗೆ ತುಟಿ ಹೊಲಿದುಕೊಂಡು ಕೂತೆನೋ, ಈಗ ನೆನೆದರೆ ನಗು ಬರುತ್ತದೆ. ನಗುವಿನ ಹಿಂದೆಯೇ ಸಿಟ್ಟೂ ಬರುತ್ತದೆ. ಆ ಸುಮ್ಮನಿರುವ ಚಟಕ್ಕೆ ನನ್ನ ಮಗಳು ಒಂದು ಕಣ್ಣು ಕಳೆದುಕೊಳ್ಳುವುದರಲ್ಲಿದ್ದಳು.

ಮಾವನವರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅವರು ನೇಯುವುದರಲ್ಲಿ ಓಣಿಯ ಹತ್ತು ಜನರಂತೆ ಇದ್ದರು, ಆದರೆ ಕೆಂಪು ಬಣ್ಣದಲ್ಲಿ ಅವರೇ ಸೈ. ಸೆರಗಿನ ಕೆಂಪು, ಸೀರೆಯಂಚಿನ ದಡಿಯ ಕೆಂಪು, ಎರಡೂ ಕೂಡಬೇಕೆಂದರೆ ಓಣಿಯವರು ನೂಲಿನ ಲಡಿ ಹಿಡಿದು ನಮ್ಮ ಮನೆಗೇ ಬರುತ್ತಿದ್ದರು. ದಾಳಿಂಬರಿ ಕೆಂಪು, ಕುಂಕುಮದ ಕೆಂಪು, ಇಟ್ಟಂಗಿ ಕೆಂಪು, ಗುಲಗಂಜಿ ಕೆಂಪು, ನನಗಂತೂ ಎಲ್ಲವೂ ಕೆಂಪೇ. ಅವರು ಎರಡು ಎಳೆ ಬೆರಳಿಗೆ ಸುತ್ತಿಕೊಂಡು, "ಇದು ಅಕ್ಕ, ಇದು ತಂಗಿ, ಒಂದ ಮನ್ಯಾವರು ಖರೇ, ಆದ್ರ ಜೋಡಿ ಅಲ್ಲ" ಅನ್ನುತ್ತಿದ್ದರು. ಯಾರಾದರೂ ಅವಸರದವರು ಪಡಸಾಲೆಯಲ್ಲೇ ಲಡಿ ಬಿಚ್ಚಿದರೆ ಗದರುತ್ತಿದ್ದರು. "ಅಂಗಳಕ್ಕ ನಡಿಯೋ. ಒಳಗ ಎಲ್ಲಾ ಕೆಂಪೂ ಒಂದ." ಬಿಸಿಲಿಗೆ ಹಿಡಿದು ನೋಡುವರು, ಬೇವಿನ ಗಿಡದ ನೆರಳಿಗೆ ಹಿಡಿದು ನೋಡುವರು, ಆಮೇಲೆ ಮಾತು. ಆ ಮಾತಿಗೆ ಎದುರು ಮಾತು ಓಣಿಯಲ್ಲಿ ಇರಲಿಲ್ಲ.

ಆ ವರ್ಷ ಯುಗಾದಿ ಮುಗಿದು ಗಾಳಿ ಎದ್ದಿತ್ತು. ಕಣ್ಣಿಗೆ, ಹಿಟ್ಟಿಗೆ, ಹಾಸಿದ ನೂಲಿಗೆ, ಎಲ್ಲದಕ್ಕೂ ಧೂಳು. ಹಿಂದೆಯೇ ಓಣಿಗೆ ಕಣ್ಣು ಬಂದವು; ನಮ್ಮ ಕಡೆ ಕಣ್ಣುಬೇನೆಗೆ ಹಾಗೇ ಅನ್ನುತ್ತಾರೆ. ಮೊದಲು ಮೂಲೆಮನೆಯ ಹುಡುಗರಿಗೆ, ಆಮೇಲೆ ಅವರ ಅವ್ವನಿಗೆ, ಆಮೇಲೆ ಯಾರಿಗೆ ಬಂದವು ಯಾರಿಗೆ ಬಿಟ್ಟವು ಅನ್ನುವುದನ್ನು ಎಣಿಸುವುದು ಬಿಟ್ಟೆವು. ಮನೆಮನೆಯಲ್ಲೂ ಅರಿಷಿಣದಲ್ಲಿ ಅದ್ದಿದ ಬಟ್ಟೆಯ ತುಂಡು, ಅದರಿಂದ ಕಣ್ಣು ಒರೆಸಿಕೊಳ್ಳುವುದು. ಕಣ್ಣು ಬಂದವರನ್ನು ನೋಡಿದರೆ ನಮಗೂ ಬರುತ್ತವೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಹಾಗಾಗಿ ಓಣಿಯ ಜನರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ, ಗೋಡೆಗೆ, ಕಂಬಕ್ಕೆ, ದಾರಿಯ ನಾಯಿಗೆ ಮುಖ ಮಾಡಿ ಮಾತಾಡಿಕೊಂಡರು. ನನಗೆ ಒಳಗೊಳಗೇ ಖುಷಿ. ಒಂದು ವಾರವಾದರೂ ಇಡೀ ಓಣಿ ಸೊಸೆಯಾಯಿತಲ್ಲ ಅಂತ.

ಒಬ್ಬ ಪುಣ್ಯಾತ್ಮ ಪಿಚ್ಚುಗಟ್ಟಿದ ಕಣ್ಣಿನಲ್ಲೇ ನೇಯಲು ಕೂತು, ಒಂದು ಕಡೆ ಹಸಿರು ದಡಿ, ಒಂದು ಕಡೆ ನೀಲಿ ದಡಿ ಇರುವ ಸೀರೆ ಇಳಿಸಿದ್ದ. ಅವನ ಹೆಂಡತಿ ಅದನ್ನೇ ಉಟ್ಟು ಓಣಿ ತುಂಬ ಓಡಾಡಿ ಅವನ ಮಾನ ಕಳೆದಳು.

ನಮ್ಮ ಮನೆಯಲ್ಲಿ ನನಗೆ ಬಂದವು, ಅತ್ತೆಗೆ ಬಂದವು, ಹೋದವು. ಕೊನೆಗೆ ನಾಲ್ಕು ವರ್ಷದ ನನ್ನ ಮಗಳಿಗೆ ಬಂದವು. ಅದೇ ದಿನ ನನ್ನ ಗಂಡ ಸೀರೆಯ ಗಂಟು ಹೊತ್ತು ನರಗುಂದದ ಕಡೆ ಹೊರಟಿದ್ದರು. ಅಲ್ಲಿಯ ಪೇಟೆ, ಸುತ್ತಿನ ಹಳ್ಳಿ ಎಲ್ಲ ಮುಗಿಸಿ ಬರಲು ಹತ್ತು ದಿನ ಬೇಕು. ಹೋಗುವಾಗ ಮಗಳ ಕಡೆ ಬೆನ್ನು ಮಾಡಿ ನಿಂತು, "ಕಣ್ಣ ತಿಕ್ಕೊಬ್ಯಾಡವಾ" ಅಂದರು. ಅವರಿಗೂ ಬಂದರೆ ಪೇಟೆಯಲ್ಲಿ ಯಾರೂ ಸೀರೆ ಮುಟ್ಟುವುದಿಲ್ಲ ಎಂಬ ಭಯ.

ಅತ್ತೆಯ ಹತ್ತಿರ ಇದಕ್ಕೆಲ್ಲ ಒಂದು ಪಂಚಾಂಗವೇ ಇತ್ತು. "ಬರಾಕ ಮೂರ ದಿನ, ಇರಾಕ ಮೂರ ದಿನ, ಹೋಗಾಕ ಮೂರ ದಿನ. ಒಂಬತ್ತ ದಿನ ಸುಮ್ಮನಿರು" ಅಂದರು. ಸುಮ್ಮನಿರು ಅಂದರೆ ಅವರು ಸುಮ್ಮನಿದ್ದರು ಅಂತಲ್ಲ. ಮುಂಜಾನೆ ಕೊತ್ತಂಬರಿ ಕಾಳು ನೆನೆಹಾಕಿದ ನೀರಿನಿಂದ ತೊಳೆಯುವುದು, ಮಧ್ಯಾಹ್ನ ಬಾಜೂ ಮನೆಯ ಬಾಣಂತಿಯ ಹಾಲು ಎರಡು ಹನಿ, ಸಂಜೆ ನೆತ್ತಿಗೆ ಔಡಲೆಣ್ಣೆ. ಬಾಣಂತಿ ಪಾಪ ಒಳ್ಳೆಯವಳು. ಆ ವಾರ ಓಣಿಯ ಅರ್ಧ ಮಕ್ಕಳ ಕಣ್ಣಿಗೆ ಅವಳ ಹಾಲು, ಅವಳ ಮಗುವಿಗೆ ಉಳಿದದ್ದು.

ನನಗೆ ಅನುಮಾನ ಬಂದದ್ದು ನಾಲ್ಕನೆಯ ದಿನ. ಎಡಗಣ್ಣು ತಿಳಿಯಾಗುತ್ತ ಬಂದಿತ್ತು, ಬಲಗಣ್ಣು ಹಾಗೇ ಇತ್ತು. ಎರಡೂ ಒಟ್ಟಿಗೆ ಬಂದವು ಒಟ್ಟಿಗೆ ಹೋಗಬೇಡವೇ? ಅತ್ತೆಗೆ ಕೇಳಿದೆ. "ದವಾಖಾನಿಗೆ ತೋರಿಸೋಣೇನ್ರಿ?"

"ಕಣ್ಣ ಬಂದಿದ್ದಕ್ಕ ದವಾಖಾನಿಗೆ ಹೋದವರನ್ನ ನಾ ಈ ಓಣ್ಯಾಗ ನೋಡಿಲ್ಲ" ಎಂದು ಅವರು ಒಳಗೆ ಹೋಗಿ ಮಾವನವರಿಗೆ ಹೇಳಿದರು. ಹೇಳುವಾಗ ನನ್ನ ಮಾತು ಕೊಂಚ ಬಣ್ಣ ಬದಲಿಸಿತು. "ಇಕಿ ಹೆದರ್ಯಾಳ. ಕೂಸಿನ ಕಣ್ಣ ಭಾಳ ಕೆಂಪ ಆಗೇತಂತ" ಅಂದರು. ನಾನು ಹೇಳಿದ್ದು ಕೆಂಪಿನ ಮಾತೇ ಆಗಿರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಸುಮ್ಮನಾದೆ.

ಕೆಂಪು ಅಂದದ್ದೇ ತಡ, ಮಾವನವರ ಕಿವಿ ನಿಮಿರಿತು. ಅದು ಅವರ ಇಲಾಖೆ. ಮಗ್ಗದಿಂದ ಎದ್ದು ಬಂದು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಣ್ಣದ ನೂಲಿನ ಗಂಟು ಬಿಚ್ಚಿದರು. ಒಂದೊಂದೇ ಎಳೆ ತೆಗೆದು ಅವಳ ಕೆನ್ನೆಯ ಮೇಲೆ ಇಟ್ಟು, ಕಣ್ಣಿನ ಕೆಂಪಿಗೆ ಹೋಲಿಸಿದರು. ಕೊನೆಗೆ ಒಂದು ಎಳೆ ಒಪ್ಪಿತು. "ದಾಳಿಂಬರಿ" ಅಂದರು. ಆ ಎಳೆಯನ್ನು ಮಗ್ಗದ ಬದಿಯ ಗೂಟಕ್ಕೆ ಕಟ್ಟಿದರು. "ನಾಳಿಗೆ ಮತ್ತ ನೋಡೋಣು. ಕೆಂಪ ಏರಿದ್ರ ದವಾಖಾನಿ, ಇಳದ್ರ ಬ್ಯಾಡ. ಹಂಗ ಹೇಳ ಆಕಿಗೆ."

ನನಗೆ ಅದು ಎಷ್ಟು ಸಮಾಧಾನ ಕೊಟ್ಟಿತೆಂದರೆ, ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮುಲ್ಕಿ ಪಾಸಾದವಳಿಗೆ ಅದು ಶಾಸ್ತ್ರೋಕ್ತವಾಗಿ ಕಂಡಿತು. ಅಳತೆ ಇದೆ, ಗುರುತು ಇದೆ, ನೋಡುವವರು ಕೆಂಪಿನಲ್ಲಿ ಇಡೀ ಊರಿಗೇ ಹಿರಿಯರು. ಇನ್ನೇನು ಬೇಕು? ಐದನೆಯ ದಿನ ಇನ್ನೊಂದು ಎಳೆ ಕಟ್ಟಿದರು. "ಅರ್ಧ ಇಳದೈತಿ." ಆರನೆಯ ದಿನ ಮತ್ತೊಂದು. "ಗುಲಾಬಿ ಕಡೆ ಹೊಂಟೈತಿ." ಮೂರು ಎಳೆ ಸಾಲಾಗಿ ಗೂಟದ ಮೇಲೆ, ಒಂದಕ್ಕಿಂತ ಒಂದು ತಿಳಿ. ನೋಡಿದವರು ತಲೆದೂಗಿದರು. ಬಾಜೂ ಮನೆಯ ಮುದುಕನೂ ತನ್ನ ಮೊಮ್ಮಗನನ್ನು ಕರೆದುಕೊಂಡು ಬಂದು ಕಣ್ಣಿಗೆ ನೂಲು ಹಿಡಿಸಿಕೊಂಡು ಹೋದ.

ಮಗಳೂ ಹಟ ಬಿಟ್ಟಿದ್ದಳು. ನೂಲು ಹಿಡಿದ ಮೊದಲ ದಿನ ಮಾವನವರು ಅವಳನ್ನು ತಮ್ಮ ಪದ್ಧತಿಯಂತೆ ಅಂಗಳಕ್ಕೇ ಎತ್ತಿಕೊಂಡು ಹೋಗಿದ್ದರು. ಅವಳು ಕಿರುಚಿ, ಕಾಲು ಝಾಡಿಸಿ, ಅಜ್ಜನ ಅಂಗಿ ಹರಿಯುವಷ್ಟು ರಂಪ ಮಾಡಿದ್ದರಿಂದ, "ಇರ್ಲಿ, ಕೂಸಿಗೆ ಅಳಸಬಾರದು" ಎಂದು ಒಳಗೆ ಮಗ್ಗದ ಬದಿಗೆ ಕರೆತಂದು ನೋಡಿದ್ದರು. ಆಮೇಲೆ ದಿನಾ ಅಲ್ಲೇ. ಅವಳು ಮಗ್ಗದ ಕುಣಿಯಲ್ಲಿ ಇಳಿದು ಕೂತುಬಿಡುತ್ತಿದ್ದಳು. ನೇಯುವವರು ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ತೋಡಿದ ತಗ್ಗು ಅದು. ಅಜ್ಜನ ಕಾಲ ಬದಿಯಲ್ಲಿ ತಂಪು, ಕತ್ತಲು. ಅಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಅಳದೆ, ಏನೂ ಕೇಳದೆ ಕೂತಿರುತ್ತಿದ್ದಳು. "ಎಷ್ಟ ಶಾಣ್ಯಾ ಆಗ್ಯಾಳ ನೋಡು" ಎಂದು ಅತ್ತೆ ದೃಷ್ಟಿ ತೆಗೆದರು. ನಾನು ಎರಡು ದಿನ ಆರಾಮಾಗಿ ಕೆಲಸ ಮಾಡಿಕೊಂಡೆ.

ಏಳನೆಯ ದಿನ ಮುಂಜಾನೆ ಅತ್ತೆ ಕೊಡ ಹಿಡಿದು ನೀರಿಗೆ ಹೋಗಿದ್ದರು. ಅಂಗಳಕ್ಕೆ ಯಾರದೋ ಆಡಿನ ಮರಿ ಬಂದಿತ್ತು, ಹುಟ್ಟಿ ವಾರವೂ ಆಗಿರಲಿಲ್ಲ, ಮೈಯೆಲ್ಲ ಕಪ್ಪು, ಕಿವಿ ಮಾತ್ರ ಬಿಳಿ. ನನ್ನ ಮಗಳಿಗೆ ಆಡಿನ ಮರಿ ಅಂದರೆ ಪ್ರಾಣ. ಹೊಸ್ತಿಲಲ್ಲಿ ನಿಂತು ಕೂಗಿದೆ.

"ಏ ಬಾರs, ಮರಿ ಬಂದೈತಿ ನೋಡಬಾ!"

ಕುಣಿಯಿಂದ ಎದ್ದು ಬಂದಳು. ಒಂದು ಕೈ ಕಣ್ಣಿಗೆ ಅಡ್ಡ, ಇನ್ನೊಂದು ಕೈ ಗೋಡೆಯ ಮೇಲೆ. ಪಡಸಾಲೆಯಲ್ಲಿ ಬಾಗಿಲಿನ ಬಿಸಿಲು ಒಂದು ಪಟ್ಟಿಯಾಗಿ ಬಿದ್ದಿತ್ತು. ಅದರ ಅಂಚಿಗೆ ಬಂದವಳು ಗಕ್ಕನೆ ನಿಂತಳು. ಕಾಲ ಬೆರಳು ಬಿಸಿಲಿಗೆ ತಾಕದ ಹಾಗೆ ನಿಂತಳು. ಮರಿ ಬ್ಯಾ ಅಂದಿತು. ಇವಳು ತಲೆ ತಗ್ಗಿಸಿಕೊಂಡೇ ಕೇಳಿದಳು.

"ಯವ್ವಾ, ಮರೀನ ಒಳಗ ತರ್ತಿಯೇನs?"

ಮರಿ ಕಂಡರೆ ಹೊಸ್ತಿಲು ಹಾರಿ ಬೀಳುತ್ತಿದ್ದ ಹುಡುಗಿ, ಈಗ ಬೆಳಕನ್ನು ನೋಡಿ ನಿಂತಿದ್ದಳು. ಶಾಣ್ಯಾ ಆಗಿ ಕುಣಿಯಲ್ಲಿ ಕೂತದ್ದಲ್ಲ, ಬೆಳಕಿಗೆ ಹೆದರಿ ಅಡಗಿ ಕೂತಿದ್ದಳು. ಮೂರು ದಿನದಿಂದ. ನಾನು ಅವಳ ಅವ್ವ, ಅದೇ ಮನೆಯಲ್ಲಿ, ರೊಟ್ಟಿ ಬಡಿಯುತ್ತಿದ್ದೆ.

ಹಿಂದಿನಿಂದ ಮಾವನವರು, ಮಗ್ಗಕ್ಕೆ ಹೇಳುವ ಹಾಗೆ, "ಇವತ್ತಿನ ಎಳಿ ನೋಡೋದೈತಿ, ಕೂಸಿನ್ನ ಕಳಸ್ರಿ" ಅಂದರು. ಕೈಯಲ್ಲಿ ಗುಲಾಬಿ ಬಣ್ಣದ ನೂಲು ಆಗಲೇ ಹಿಡಿದಿದ್ದರು. ಕೂಸನ್ನು ನೋಡುವ ಮೊದಲೇ ಎಳೆ ಆರಿಸಿಟ್ಟಿದ್ದರು!

ಅಷ್ಟೇ. ಸೆರಗು ತಲೆಯ ಮೇಲಿತ್ತೋ ಜಾರಿತ್ತೋ ನನಗೆ ನೆನಪಿಲ್ಲ. ಮಗಳನ್ನು ಎತ್ತಿಕೊಂಡು ಹೋಗಿ ಮಗ್ಗದ ಮುಂದೆ, ಅವರ ಮುಂದೆ, ಎದುರಾ ಎದುರು ನಿಂತೆ.

"ಮಾವಾರ, ಅಂಗಳಕ್ಕ ನಡೀರಿ" ಅಂದೆ. "ಒಳಗ ಎಲ್ಲಾ ಕೆಂಪೂ ಒಂದ ಅಂತ ನೀವ ಹೇಳ್ತೀರಿ. ಮಂದಿ ನೂಲೆಲ್ಲಾ ಬಿಸಲಾಗ ನೋಡ್ತೀರಿ, ನಮ್ಮ ಕೂಸಿನ ಕಣ್ಣ ಯಾಕ ಕತ್ತಲ್ಯಾಗ ನೋಡ್ತೀರಿ?"

ಸರಿಯಾಗಿ ಅದೇ ಗಳಿಗೆಗೆ ಅತ್ತೆ ಕೊಡ ಹೊತ್ತು ಬಾಗಿಲಿಗೆ ಬರಬೇಕೆ? ಕೊಡ ಇಳಿಸುವುದನ್ನೂ ಮರೆತು ನಿಂತರು. "ಏನs ಇದು? ಯಾರ ಮುಂದ ಮಾತಾಡಾಕತ್ತಿ? ಖಬರ್ ಐತಿಲ್ಲ?" ಅಂದರು. ಮಾತು ಹೊರಬಿದ್ದಾಗಿತ್ತು, ಅದನ್ನು ಒಳಗೆ ಎಳೆದುಕೊಳ್ಳುವ ಹಾಗಿರಲಿಲ್ಲ.

ಮಾವನವರು ಕೈಯಲ್ಲಿದ್ದ ನೂಲನ್ನು ಗೂಟಕ್ಕೆ ಕಟ್ಟದೆ ಕೆಳಗಿಟ್ಟರು. ಆಮೇಲೆ ಅತ್ತೆಗೆ, "ಸುಮ್ಕಿರ. ಆಕಿ ಹೇಳೋದು ಖರೇ ಐತಿ" ಎಂದು ಕುಣಿಯಿಂದ ಮೇಲೆ ಬಂದರು.

ಬೇವಿನ ಗಿಡದ ಕೆಳಗೆ ಮಗಳು ಮೊದಲ ದಿನದಂತೆಯೇ ಕಿರುಚಿದಳು. ಈ ಸಲ ಯಾರೂ ಅವಳನ್ನು ಒಳಗೆ ಒಯ್ಯಲಿಲ್ಲ. ನಾನು ತಲೆ ಹಿಡಿದೆ, ಅತ್ತೆ ಕಾಲು ಹಿಡಿದರು. ಮಾವನವರು ಕೈ ತೊಳೆದು ಬಂದು, ತುಂಡಾದ ಎಳೆ ಹುಡುಕುವಾಗ ನೂಲು ಬಿಡಿಸುತ್ತಿದ್ದ ಅದೇ ಎರಡು ಬೆರಳುಗಳಿಂದ ರೆಪ್ಪೆ ಬಿಡಿಸಿದರು. ನೀರು ದಳದಳ ಸುರಿಯಿತು. ಒಂದು ಕ್ಷಣ ಕಣ್ಣು ಕಂಡಿತು.

ಬಿಳಿಯ ಭಾಗದಲ್ಲಿ ಕೆಂಪು ನಿಜವಾಗಿಯೂ ಕಮ್ಮಿಯಾಗಿತ್ತು. ಅವರ ಎಳೆ ಸುಳ್ಳು ಹೇಳಿರಲಿಲ್ಲ. ಆದರೆ ಕರಿಗುಡ್ಡೆಯ ಸುತ್ತ ಉಂಗುರದ ಹಾಗೆ ಇನ್ನೊಂದು ಬಣ್ಣ ನಿಂತಿತ್ತು. ಒಳಗಿನ ಮಬ್ಬಿನಲ್ಲಿ ಅದು ಕರಿಗುಡ್ಡೆಯಲ್ಲೇ ಸೇರಿಹೋಗಿತ್ತು. ಮಾವನವರು ಬಗ್ಗಿ ನೋಡಿದರು.

"ಇದು ಕೆಂಪಲ್ಲ" ಅಂದರು. "ಇದರಾಗ ನೀಲಿ ಐತಿ."

ಅದರ ಪಕ್ಕ, ಕರಿಗುಡ್ಡೆಯ ಮೇಲೆ, ಗಂಜಿಯ ಹನಿ ಒಣಗಿ ಕೂತ ಹಾಗೆ ಒಂದು ಬಿಳಿ ಚುಕ್ಕೆ. ಅದನ್ನು ನಾನು ನೋಡಿದೆ, ಅತ್ತೆಯೂ ನೋಡಿದರು. ಯಾರೂ ಅದರ ಹೆಸರು ಹೇಳಲಿಲ್ಲ. ನಮ್ಮ ಓಣಿಯಲ್ಲಿ ಒಂದು ಕಣ್ಣಲ್ಲಿ ಇಂಥದೇ ಬಿಳಿ ಹೂ ಬಿದ್ದು ನೋಟ ಹೋದ ಮುದುಕಿಯೊಬ್ಬಳಿದ್ದಳು, ಆ ಕಡೆಯಿಂದ ಬಂದವರನ್ನು ಅವಳು ದನಿಯಿಂದಲೇ ಗುರುತಿಸುತ್ತಿದ್ದಳು.

ಅತ್ತೆ ಮೆಲ್ಲಗೆ, "ಇನ್ನ ಎರಡ ದಿನಾ ಅದಾವ, ಮಗಾನೂ ನರಗುಂದದಿಂದ ಬರಲಿ" ಅಂದರು. ಅನ್ನುತ್ತಲೇ ಎದ್ದು ಹೋಗಿ ಬುತ್ತಿ ಕಟ್ಟತೊಡಗಿದರು. ಅವರ ಬಾಯಿ ಪಂಚಾಂಗ ಹೇಳುತ್ತಿತ್ತು, ಕೈ ರೊಟ್ಟಿ ಸುತ್ತುತ್ತಿತ್ತು. ಮಾವನವರು ನನ್ನ ಕಡೆ ತಿರುಗಿದರು. ಗೋಡೆಗಲ್ಲ, ಮಗ್ಗಕ್ಕಲ್ಲ, ನನಗೇ ಕೇಳಿದರು.

"ರೋಣದ ಮೋಟಾರ ಎಷ್ಟಕ್ಕ ಐತಿ, ಯವ್ವಾ?"

"ಹತ್ತಕ್ಕ ಐತ್ರಿ."

ಮೋಟಾರಿನಲ್ಲಿ ಮಗಳು ನನ್ನ ಸೆರಗಿನೊಳಗೆ ಮುಖ ಹುದುಗಿಸಿ ಮಲಗಿದ್ದಳು. ಮಾವನವರು ಮುಂದಿನ ಸೀಟಿನಲ್ಲಿ ಕೂತು, ದಾರಿ ತಿರುಗಿದಾಗಲೆಲ್ಲ ಎದ್ದು ತಮ್ಮ ರುಮಾಲು ಬಿಚ್ಚಿ ಕಿಡಕಿಗೆ ಅಡ್ಡ ಹಿಡಿಯುತ್ತಿದ್ದರು. ಮೋಟಾರು ಕುಲುಕಿದಾಗ ಎರಡು ಸಲ ಬೀಳುವುದರಲ್ಲಿದ್ದರು. ಕಂಡಕ್ಟರ ಕೂಡ್ರಿ ಅಂದರೂ ಕೂಡಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು. ಆ ಮೂರು ಎಳೆಗಳನ್ನು ಕಿತ್ತು ಒಲೆಗೆ ಹಾಕುವಷ್ಟು ಸಿಟ್ಟಿತ್ತು. ಅದಕ್ಕಿಂತ ದೊಡ್ಡ ಸಿಟ್ಟು ನನ್ನ ಮೇಲೆ. ನಾಲ್ಕನೆಯ ದಿನ ನನಗೆ ಅನಿಸಿದ್ದನ್ನು ನಾನೇ ಅವರ ಮುಂದೆ ಹೇಳಿದ್ದರೆ, ಅದು ಕೆಂಪಿನ ಮಾತಾಗಿ ತಿರುಗುತ್ತಲೇ ಇರಲಿಲ್ಲ.

ರೋಣದ ದವಾಖಾನೆಯ ಡಾಕ್ಟರರು ಧಾರವಾಡದ ಕಡೆಯವರು, ಸಣ್ಣ ಆಳು, ದೊಡ್ಡ ದನಿ. ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿ, ಮಾವನವರು ಶುರು ಮಾಡಿದರು: ಮೊದಲ ದಿನ ದಾಳಿಂಬರಿ, ಆಮೇಲೆ ಅರ್ಧ ಇಳಿದದ್ದು, ಆಮೇಲೆ ಗುಲಾಬಿ. ಡಾಕ್ಟರರು ಕೇಳುವಷ್ಟು ಕೇಳಿ ಕೈ ಎತ್ತಿದರು.

"ಹಿರ್ಯಾರ, ಕೆಂಪಿಂದು ಬಿಡ್ರಿ. ಕೆಂಪ ಎಲ್ಲಾರಿಗೂ ಆಗ್ತದ. ಬೆಳಕ ತಡಕೋತಾಳೇನು? ನೋವು ಅಂತಾಳೇನು? ಮಂಜ ಮಂಜ ಕಾಣ್ತದೇನು? ಒಂದ ಕಣ್ಣು ನೆಟ್ಟಗಾಗಿ ಇನ್ನೊಂದು ಹಂಗ ಉಳೀತೇನು? ಅದನ್ನ ಹೇಳ್ರಿ."

ಮಾವನವರು ನನ್ನ ಕಡೆ ನೋಡಿದರು. ನಾನು ಹೇಳಿದೆ. ಕುಣಿಯದು, ಬಿಸಿಲಿನ ಪಟ್ಟಿಯದು, ಆಡಿನ ಮರಿಯದು, ಬಾಣಂತಿಯ ಹಾಲಿನದು, ಎಲ್ಲ ಹೇಳಿದೆ. ಐದು ವರ್ಷದ ಮಾತು ಒಂದೇ ಸಲ ಬಂದ ಹಾಗೆ ಬಂತು. ಹಾಲಿನ ಮಾತಿಗೆ ಡಾಕ್ಟರರು ಹಣೆ ಚಚ್ಚಿಕೊಂಡು, "ಇನ್ನ ಮ್ಯಾಲ ಕಣ್ಣಾಗ ನಾ ಹೇಳಿದ್ದು ಬಿಟ್ಟು ನೀರೂ ಹಾಕಬ್ಯಾಡ್ರಿ" ಅಂದರು.

ಆಮೇಲೆ, "ಬಣ್ಣಾ ಹಾಕಿ ನೋಡೋಣು" ಅಂದರು. ಮಾವನವರು ಬೆಚ್ಚಿಬಿದ್ದರು. ಡಾಕ್ಟರರು ಸಣ್ಣ ಶೀಶೆಯಿಂದ ಕಿತ್ತಳೆ ಬಣ್ಣದ ಒಂದು ಹನಿ ಮಗಳ ಕಣ್ಣಿಗೆ ಬಿಟ್ಟು, ತೊಳೆದು, ಬ್ಯಾಟರಿ ಹಿಡಿದು ನೋಡಿದರು. ಬಿಳಿ ಚುಕ್ಕೆ ಇದ್ದಲ್ಲಿ ಎಳೆ ಹುಲ್ಲಿನಂಥ ಹಸಿರು ಹೊಳೆಯಿತು. ಹುಣ್ಣು ಎಷ್ಟು ಅಗಲ ಇದೆಯೋ ಅಷ್ಟಕ್ಕೇ ಬಣ್ಣ ಹತ್ತುತ್ತದೆ ಎಂದು ವಿವರಿಸಿದರು. ಆ ಹೊತ್ತಿನಲ್ಲೂ ಮಾವನವರಿಗೆ ತಡೆಯಲಾಗಲಿಲ್ಲ.

"ಕಿತ್ತಳಿ ಹಾಕಿದ್ರ ಹಸರ ಹ್ಯಾಂಗ ಬಂತ್ರಿ? ಪಕ್ಕಾ ಬಣ್ಣ ಏನ್ರಿ ಅದು?"

"ಇಲ್ರೀ, ಸಂಜಿ ಆಗೂದ್ರಾಗ ಹೋಗ್ತದ" ಎಂದು ಡಾಕ್ಟರರು ನಕ್ಕರು. ನನಗೂ ನಗು ಬಂದು, ನಗುವಿನ ಜೊತೆಗೇ ಅಳು ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

"ಕಣ್ಣ ಉಳಿತೈತೇನ್ರಿ?" ಎಂದು ಕೇಳಿದೆ.

"ಹುಣ್ಣು ಇನ್ನೂ ಅಂಚಿಗೆ ಅದ. ನಡುವ ಹರದ್ರ ಕಾಣೂದಿಲ್ಲ. ಇಲ್ಲೇ ನಿಂದ್ರತದೋ ಮುಂದ ಹೋಗ್ತದೋ ಇವತ್ತ ಹೇಳಾಕ ಆಗೂದಿಲ್ಲವಾ. ದಿನಾ ಎರಡ ಸಲ ಬರ್ರಿ. ಎರಡ ದಿನ ಮೊದಲ ಬಂದಿದ್ರ..." ಎಂದು ಹೇಳಲು ಹೋದವರು ನನ್ನ ಮುಖ ನೋಡಿ ನಿಲ್ಲಿಸಿದರು. ಆ ನಿಲ್ಲಿಸಿದ ಮಾತು ಹೇಳಿದ ಮಾತಿಗಿಂತ ಹೆಚ್ಚು ನೋಯಿಸಿತು.

ಮಗಳ ಬಲಗಣ್ಣಿಗೆ ಕಟ್ಟು ಹಾಕಿಸಿಕೊಂಡು, ರೋಣದಲ್ಲಿ ದೂರದ ಸಂಬಂಧಿಕರ ಪಡಸಾಲೆಯಲ್ಲಿ ಹತ್ತು ದಿನ ಇದ್ದೆವು. ಸವಡಿಯಿಂದ ಅವ್ವ ದಿನ ಬಿಟ್ಟು ದಿನ ಬಂದು ಹೋದಳು. ಸುದ್ದಿ ತಿಳಿದು ನನ್ನವರು ನರಗುಂದದಿಂದ ನೇರ ರೋಣಕ್ಕೇ ಬಂದರು, ಮಾರದೆ ಉಳಿದ ಸೀರೆಯ ಗಂಟಿನ ಸಮೇತ. ತಮ್ಮ ಅಪ್ಪನೂ ಹೆಂಡತಿಯೂ ಎದುರಾ ಎದುರು ಕೂತು ಔಷಧದ ವೇಳೆಯ ಬಗ್ಗೆ ವಾದ ಮಾಡುವುದನ್ನು ನೋಡಿ ಅವರು ಬಾಗಿಲಲ್ಲೇ ನಿಂತುಬಿಟ್ಟರು. ಎಲ್ಲಿಗೆ ಬಂದೆನೋ ಅನ್ನುವ ಹಾಗೆ ಮನೆಯ ನಂಬರು ನೋಡಿದರು.

"ನೀವ ಹೋಗ್ರಿ ಅಪ್ಪಾ, ಮಗ್ಗ ಖಾಲಿ ಕುಂತೈತಿ" ಎಂದು ಅವರು ಎಷ್ಟು ಹೇಳಿದರೂ ಮಾವನವರು ಊರಿಗೆ ಹೋಗಲಿಲ್ಲ. ಒಂದು ಔಷಧ ಹಾಕಿದರೆ ಕಣ್ಣಿನ ಪಾಪೆ ಬಟ್ಟಲಿನಷ್ಟು ದೊಡ್ಡದಾಗುತ್ತಿತ್ತು. ಡಾಕ್ಟರರು ಮೊದಲೇ ಹೇಳಿದ್ದರೂ ಅವರು ಹೆದರಿ ಮತ್ತೆ ಮತ್ತೆ ಹೋಗಿ ಕಾಂಪೌಂಡರನನ್ನು ಕೇಳಿ ಬರುತ್ತಿದ್ದರು. ಕೆಂಪಿನ ಮಾತು ಮಾತ್ರ ಆ ಹತ್ತು ದಿನದಲ್ಲಿ ಒಮ್ಮೆಯೂ ಎತ್ತಲಿಲ್ಲ. ಒಂದು ಮುಂಜಾನೆ ನಾನು ಬಟ್ಟೆ ಹಿಂಡುತ್ತಿದ್ದಾಗ ಬಂದು ನಿಂತು, "ನಾ ಆ ದಿನ ಒಳಗ ನೋಡಬಾರದಿತ್ತು, ಯವ್ವಾ" ಅಂದರು. ನನ್ನ ಬಾಯಲ್ಲಿ ಎಷ್ಟೋ ಉತ್ತರ ಸಿದ್ಧವಿದ್ದವು. "ನಾನೂ ಬಾಗಲಾ ಹಿಂದ ನಿಂದ್ರಬಾರದಿತ್ರಿ" ಅಂದೆ. ಇಬ್ಬರೂ ಬಟ್ಟೆಯ ಎರಡು ತುದಿ ಹಿಡಿದು ಹಿಂಡಿದೆವು.

ಹನ್ನೊಂದನೆಯ ದಿನ ಕಟ್ಟು ಪೂರ್ತಿ ಬಿಚ್ಚುವುದೆಂದು ಡಾಕ್ಟರರು ಹೇಳಿದ್ದರು. ಹುಣ್ಣು ಒಣಗಿದೆ, ಎಷ್ಟು ಕಾಣುತ್ತದೆ ನೋಡಬೇಕು ಅಂದಿದ್ದರು. ನಾನು, ನನ್ನವರು, ಮಗಳು ಒಳಗೆ. ಮಾವನವರು ಒಳಗೆ ಬರಲು ಒಪ್ಪದೆ ದೂರದಲ್ಲಿ, ಜಗಲಿಯ ಕಟ್ಟೆಯ ಮೇಲೆ ಕೂತರು. ತೆರೆದ ಬಾಗಿಲಲ್ಲಿ ಅವರ ರುಮಾಲು, ಮುಖ, ಮೊಣಕಾಲ ಮೇಲೆ ಇಟ್ಟ ಎರಡು ಕೈ ಕಾಣುತ್ತಿದ್ದವು.

ಡಾಕ್ಟರರು ಮಗಳ ಎಡಗಣ್ಣನ್ನು ತಮ್ಮ ಅಂಗೈಯಿಂದ ಪೂರ್ತಿ ಮುಚ್ಚಿದರು. ಬಲಗಣ್ಣಿನ ಮುಂದೆ ಎರಡು ಬೆರಳು ಹಿಡಿದು, "ಎಷ್ಟವ ಹೇಳು?" ಅಂದರು. ಅವಳು ಸುಮ್ಮನೆ ಇದ್ದಳು. ಪೆನ್ನು ಹಿಡಿದರು. ಸುಮ್ಮನೆ. ಶೀಶೆ ಹಿಡಿದರು. ಸುಮ್ಮನೆ. ನನ್ನವರು ನನ್ನ ಮೊಣಕೈ ಹಿಡಿದುಕೊಂಡರು, ನೋವಾಗುವಷ್ಟು. "ಹೇಳವಾ, ನಮ್ಮವ್ವ ಅಲ್ಲ? ಏನ ಐತಿ ಹೇಳು" ಎಂದು ನಾನು ಗೋಗರೆದೆ. ಅವಳಿಗೆ ಕಾಣುವುದಿಲ್ಲ, ಆಯಿತು, ಮುಗಿಯಿತು ಎಂದು ನನ್ನ ಒಳಗೆ ಯಾರೋ ಹೇಳುತ್ತಿದ್ದರು.

ಮಗಳು ಡಾಕ್ಟರರ ಕೈಯ ಶೀಶೆಯನ್ನು ನೋಡುತ್ತಲೇ ಇರಲಿಲ್ಲ. ಅವರ ಭುಜದ ಆಚೆ, ಬಾಗಿಲಿನ ಆಚೆ, ಬಿಸಿಲಿನಲ್ಲಿ ಕೂತವರನ್ನು ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ನೋಡಿದಳು. ಆಮೇಲೆ ಗಟ್ಟಿಯಾಗಿ ಕೂಗಿ ಕೇಳಿದಳು.

"ಅಜ್ಜಾ, ನಿನಗೂ ಕಣ್ಣ ಬಂದಾವೇನs?"

ನಾವು ಮೂವರೂ ತಿರುಗಿ ನೋಡಿದೆವು. ಹತ್ತು ಹೆಜ್ಜೆ ದೂರ. ನಮಗೆ ಯಾರಿಗೂ ಅಲ್ಲಿಯವರೆಗೆ ಕಂಡಿರಲಿಲ್ಲ, ಆ ಒಂದೇ ಕಣ್ಣಿಗೆ ಕಂಡಿತ್ತು. ಅವರ ಎರಡೂ ಕಣ್ಣು ಕೆಂಪಗೆ ಕೆಂಡವಾಗಿ, ನೀರು ಗಡ್ಡಕ್ಕೆ ಇಳಿದಿತ್ತು.

"ಹೂನವ್ವಾ" ಅಂದರು ಮಾವನವರು, ಒರೆಸಿಕೊಳ್ಳದೆ. "ನಿನ್ನ ಕಣ್ಣ ಬಂತಲ್ಲ, ಅದಕ್ಕ ನನಗೂ ಬಂದಾವ."